ಗಂಗೋತ್ರಿ ಯಾರ ಮನೆ ಸ್ವತ್ತು?

ನಮ್ಮಲ್ಲೊಬ್ಬನಿಗೆ ಎಂ.ಎ. ಸೀಟು ಸಿಕ್ಕಿದ ದಿನ ಎಲ್ಲರೂ ಸೇರಿ ಅವನ ಅವ್ವನಿಗೆ ಸುದ್ದಿ ಮುಟ್ಟಿಸಲು ಹೋದೆವು. ಅವಳು ಗೌಡರ ಹೊಲದಲ್ಲಿ ಕಳೆ ಕಿತ್ತು ಬಂದು ಜಗುಲಿ ಮೇಲೆ ಕೂತಿದ್ದಳು. 'ನಿನ್ ಮಗ ಮೈಸೂರಲ್ಲಿ ಮಾನಸಗಂಗೋತ್ರಿಗೆ ಓದೋಕೆ ಹೋಯ್ತಾನೆ ಕಣವ್ವ' ಅಂದೆವು. ಅಷ್ಟುದ್ದ ಹೆಸರಿನಲ್ಲಿ ಅವಳ ಕಿವಿಗೆ ಬಿದ್ದದ್ದು ಗಂಗೆ ಮಾತ್ರ. 'ನೀರಿನ ಜಾಗವಾ ಮಗಾ? ಅಲ್ಲಿ ನಮ್ಮನ್ನ ಮುಟ್ಟಿಸ್ಕೊಂಡಾರಾ?' ಅಂದಳು.

ನಾವು ನಕ್ಕುಬಿಟ್ಟೆವು. ಹೊಸದಾಗಿ ಡಿಗ್ರಿ ಪಡೆದವರ ನಗು ಅದು. ಅವ್ವ ನಗಲಿಲ್ಲ.

ಎರಡು ವರ್ಷ ಓದಿ, ಈ ಊರಿನ ಬೀದಿಗಳನ್ನು ಅಳೆದು, ಚಪ್ಪಲಿ ಸವೆಸಿದ ಮೇಲೆ ನಮ್ಮ ನಗು ನಿಂತಿದೆ. ವಿಚಾರ ಸಂಕಿರಣಗಳಲ್ಲಿ, ಘಟಿಕೋತ್ಸವಗಳಲ್ಲಿ, ಶಾಲು ಹೊದಿಸುವ ಸಮಾರಂಭಗಳಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಅಕ್ಷರ ಬಾರದ ಒಬ್ಬ ಹೆಣ್ಣುಮಗಳು ಕೇಳಿದ್ದಳು. ಈ ನೀರು ಯಾರದು? ತೋಡಿದವರು ಯಾರು? ಮೊದಲು ಕುಡಿದವರು ಯಾರು? ನಮ್ಮ ಸರದಿ ಬಂದಾಗ ಬಾವಿ ಬತ್ತಿತು ಎಂದು ಹೇಳುತ್ತಿರುವವರು ಯಾರು?

ಗೆಳೆಯರೇ, ಈ ಬರಹ ಆ ತಾಯಿಗೆ ಕೊಡಬೇಕಾದ ಉತ್ತರ. ತಡವಾಗಿದೆ, ಆದರೂ ಕೊಡುತ್ತಿದ್ದೇವೆ.

*

ಮೈಸೂರಿನಲ್ಲಿ ಯಾರನ್ನೇ ಕೇಳಿ, ಒಂದೇ ಕತೆ ಹೇಳುತ್ತಾರೆ. 1916ರ ಜುಲೈ 27. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ವಿಶ್ವೇಶ್ವರಯ್ಯನವರು ದಿವಾನರು. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ, ಒಂದು ದೇಶೀ ಸಂಸ್ಥಾನದಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾಲಯ. ಅಲ್ಲಿಯವರೆಗೆ ನಮ್ಮ ಕಾಲೇಜುಗಳು ಮದ್ರಾಸಿನ ಬಾಲ ಹಿಡಿದುಕೊಂಡಿದ್ದವು. ಇದೆಲ್ಲ ನಿಜ. ನಾಲ್ವಡಿಯವರ ಬಗ್ಗೆ ನಮ್ಮ ಕೇರಿಗಳಲ್ಲಿ ಇವತ್ತಿಗೂ ಗೌರವವಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಅರಸ ಕೊಟ್ಟ, ದಿವಾನ ಕಟ್ಟಿದ ಎನ್ನುವ ಈ ಕತೆಯಲ್ಲಿ ದುಡ್ಡು ಎಲ್ಲಿಂದ ಬಂತು ಅನ್ನುವ ಮಾತೇ ಇಲ್ಲ. ಅರಮನೆಯ ಹಿತ್ತಿಲಲ್ಲಿ ದುಡ್ಡಿನ ಗಿಡವೇನೂ ಇರಲಿಲ್ಲ. ಸಂಸ್ಥಾನದ ಖಜಾನೆ ತುಂಬಿದ್ದು ಭೂಮಿ ಉತ್ತವರ ಕಂದಾಯದಿಂದ, ಹೆಂಡ ಸಾರಾಯಿಯ ಅಬಕಾರಿಯಿಂದ, ಕೋಲಾರದ ಚಿನ್ನದ ರಾಜಧನದಿಂದ. ಆ ಚಿನ್ನದ ಗಣಿಯೊಳಕ್ಕೆ ಇಳಿದವರು ಯಾರು? ಬಹುಪಾಲು ತಮಿಳು ಸೀಮೆಯಿಂದ ಬಂದ ನಮ್ಮ ಜನ. ನೆಲದ ಹೊಟ್ಟೆಯೊಳಗೆ ಕಲ್ಲಿನ ದೂಳು ಕುಡಿದು ಶ್ವಾಸಕೋಶ ಕಲ್ಲಾಗಿಸಿಕೊಂಡವರು. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹರಿದದ್ದೂ ಆ ಗಣಿಗೇ. 2001ರಲ್ಲಿ ಗಣಿ ಮುಚ್ಚಿದರು. ಮೇಲೆ ಸೈನೈಡ್ ಮಣ್ಣಿನ ಗುಡ್ಡಗಳು ಉಳಿದವು, ಕೆಳಗೆ ಸಾಲುಮನೆಗಳಲ್ಲಿ ಕೆಮ್ಮುವ ಮುದುಕರು ಉಳಿದರು.

ಹೇಳಬೇಕಾದದ್ದು ಇಷ್ಟೆ. ಈ ವಿಶ್ವವಿದ್ಯಾಲಯದ ಪಾಯಕ್ಕೆ ಬಿದ್ದ ಕಾಸಿನಲ್ಲಿ ಹೊಲ ಉತ್ತವರದ್ದು, ಹೆಂಡ ಕುಡಿದು ಹಾಳಾದವರದ್ದು, ಗಣಿಯಲ್ಲಿ ಸತ್ತವರದ್ದು ಇದೆ. ಇದು ದಾನವಲ್ಲ ಸ್ವಾಮಿ, ನಮ್ಮ ಪಾಲು. ದಾನ ಎಂದು ಹೇಳಿದ ಕೂಡಲೇ ಪಡೆಯುವವನು ಕೈ ಮುಗಿದು ನಿಲ್ಲಬೇಕಾಗುತ್ತದೆ. ನಾವು ಕೈ ಕೆಳಗಿಳಿಸಿ ಮಾತಾಡಲು ಬಂದಿದ್ದೇವೆ.

*

ಮೊದಲು ಕುಡಿದವರು ಯಾರು ಎನ್ನುವುದು ಗುಟ್ಟೇನಲ್ಲ. ವಿಶ್ವವಿದ್ಯಾಲಯ ಹುಟ್ಟಿದ ಮರುವರ್ಷವೇ, 1917ರಲ್ಲಿ, ಬ್ರಾಹ್ಮಣೇತರರು ಸೇರಿ ಪ್ರಜಾಮಿತ್ರ ಮಂಡಳಿ ಕಟ್ಟಿದರು. ಓದಿನಲ್ಲಿ, ನೌಕರಿಯಲ್ಲಿ ನಮಗೆ ಪಾಲೆಲ್ಲಿ ಎಂದು ಕೇಳಿದರು. 1918ರಲ್ಲಿ ಮಹಾರಾಜರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದಷ್ಟು ಬ್ರಾಹ್ಮಣೇತರರಿಗೆ ಸಿಗಬೇಕೆಂದು ಸಮಿತಿ ಹೇಳಿತು. ಕನ್ನಂಬಾಡಿ ಕಟ್ಟೆಗೆ, ಭದ್ರಾವತಿಯ ಕಬ್ಬಿಣಕ್ಕೆ, ಈ ವಿಶ್ವವಿದ್ಯಾಲಯಕ್ಕೆ ಮುಂದೆ ನಿಂತು ದುಡಿದ ದಿವಾನರು ಇದೊಂದನ್ನು ಮಾತ್ರ ಒಪ್ಪಲಾರದೆ ಪದವಿ ಬಿಟ್ಟರು. ಅರ್ಹತೆ ಕೆಡುತ್ತದೆ ಎನ್ನುವುದು ಅವರ ನಿಲುವಾಗಿತ್ತು.

ನೂರು ವರ್ಷ ಕಳೆಯಿತು. ಕನ್ನಂಬಾಡಿಯಲ್ಲಿ ಎಷ್ಟೋ ನೀರು ಹರಿದುಹೋಯಿತು. ಅರ್ಹತೆ ಎನ್ನುವ ಮಾತು ಮಾತ್ರ ಅಲ್ಲೇ ನಿಂತು ಹಸಿರುಗಟ್ಟಿದೆ. ಅಪ್ಪ, ತಾತ, ಮುತ್ತಾತ ಮೂರು ತಲೆಮಾರು ಓದಿದ ಮನೆಯ ಹುಡುಗನೂ, ದನದ ಕೊಟ್ಟಿಗೆಯಲ್ಲಿ ಬುಡ್ಡಿ ಇಟ್ಟುಕೊಂಡು ಓದಿದ ಹುಡುಗಿಯೂ ಒಂದೇ ಗೆರೆಯಿಂದ ಓಡಲಿ, ಅದೇ ನ್ಯಾಯ ಎನ್ನುತ್ತಾರೆ. ಅವನು ಗೆರೆಯ ಹತ್ತಿರಕ್ಕೆ ಕಾರಿನಲ್ಲಿ ಬಂದಿಳಿದ. ಇವಳು ಅಲ್ಲಿಗೆ ತಲುಪುವುದಕ್ಕೇ ಹತ್ತು ಮೈಲಿ ಓಡಿ ಬಂದಳು. ಇವಳ ಆ ಹತ್ತು ಮೈಲಿಗೆ ಯಾವ ಅಂಕಪಟ್ಟಿಯಲ್ಲೂ ಜಾಗವಿಲ್ಲ.

ಮಿಲ್ಲರ್ ಸಮಿತಿಯಿಂದ ನಮಗೇನು ಬಂತು ಅನ್ನುವುದನ್ನೂ ನೇರವಾಗಿ ಹೇಳಬೇಕು. ಬಂದದ್ದು ಬಹಳ ಕಡಿಮೆ. ಅಗ್ರಹಾರದ ಬೀಗ ಒಡೆಯಿತು ನಿಜ. ಒಡೆದ ಬಾಗಿಲಿನಿಂದ ಮೊದಲು ನುಗ್ಗಿದವರು ಊರಿನ ಗೌಡರು, ಪಟೇಲರು. ಜಮೀನಿದ್ದವರು, ಮಠವಿದ್ದವರು, ಹಾಸ್ಟೆಲ್ ಕಟ್ಟಿಕೊಳ್ಳಲು ಜಾತಿ ಸಂಘವಿದ್ದವರು. ಅಗ್ರಹಾರದಿಂದ ಊರಬಾಗಿಲಿಗೆ ಬಂದ ವಿದ್ಯೆ ಅಲ್ಲಿಂದ ಕೇರಿಗೆ ಇಳಿಯಲು ಮತ್ತೂ ಮೂವತ್ತು ವರ್ಷ ತೆಗೆದುಕೊಂಡಿತು. ಅದೂ ತಾನಾಗಿ ಇಳಿಯಲಿಲ್ಲ. ಬಾಬಾಸಾಹೇಬರ ಸಂವಿಧಾನ ಕೈ ಹಿಡಿದು ಎಳೆತಂದಿತು.

1956ರಲ್ಲಿ ಕುವೆಂಪು ಕುಲಪತಿಯಾದರು. ಶೂದ್ರನೊಬ್ಬ, ಅದೂ ಕವಿ, ಆ ಕುರ್ಚಿಯಲ್ಲಿ ಕೂತದ್ದು ಸಣ್ಣ ಮಾತಲ್ಲ. ಊರಿನ ಪಶ್ಚಿಮಕ್ಕೆ ಏಳುನೂರಕ್ಕೂ ಹೆಚ್ಚು ಎಕರೆಯ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟು, ಕನ್ನಡದಲ್ಲಿ ಎಲ್ಲ ವಿದ್ಯೆಯೂ ಸಿಗಬೇಕೆಂದು ಹಟ ಹಿಡಿದು, 1960ರಲ್ಲಿ ನಿವೃತ್ತರಾದರು. ಅವರಿಗೆ ನಮ್ಮ ನಮಸ್ಕಾರವಿದೆ. ಆದರೆ ಅವರ ಹೆಸರನ್ನು ಏರಿಗೂ ಗೇಟಿಗೂ ಬರೆಸಿಕೊಂಡವರು ಅವರ ಹಟವನ್ನು ಎಲ್ಲಿ ಹೂತರು? ಇವತ್ತಿಗೂ ವಿಶ್ವವಿದ್ಯಾಲಯದ ಲಾಂಛನದ ಮೇಲಿರುವುದು ಸಂಸ್ಕೃತದ ಮಾತು. ಕೆಳಗೆ ಆಡಳಿತ ನಡೆಯುವುದು ಅರ್ಧಂಬರ್ಧ ಇಂಗ್ಲಿಷಿನಲ್ಲಿ. ನಡುವೆ ಸಿಕ್ಕಿಕೊಂಡ ನಮ್ಮ ಕನ್ನಡ ಅರ್ಜಿ ಹಿಡಿದು ನಿಂತಿದೆ.

*

1973ರ ನವೆಂಬರ್. ನಾವಾಗ ಹುಟ್ಟಿರಲಿಲ್ಲ. ನಮ್ಮ ಅಪ್ಪಂದಿರು ಇನ್ನೂ ಚಿಕ್ಕ ಹುಡುಗರು. ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಇದೇ ಮೈಸೂರಿನಲ್ಲಿ ನಿಂತು, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ದನಕ್ಕೆ ಹಾಕುವ ಬೂಸಾ. ಅಷ್ಟಕ್ಕೆ ರಾಜ್ಯ ಹೊತ್ತಿ ಉರಿಯಿತು. ಕನ್ನಡದ ಮಾನ ಹೋಯಿತೆಂದು ವಿದ್ಯಾರ್ಥಿಗಳು ಬೀದಿಗೆ ಇಳಿದರು. ಕಲ್ಲು ಬಿದ್ದದ್ದು ದಲಿತ ಹುಡುಗರ ಮೇಲೆ, ಅವರಿದ್ದ ಹಾಸ್ಟೆಲುಗಳ ಮೇಲೆ. ಕೊನೆಗೆ ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು.

ಅದೇ ಮನುಷ್ಯ ಪೌರಾಡಳಿತ ಮಂತ್ರಿಯಾಗಿ, ಮಲವನ್ನು ತಲೆಮೇಲೆ ಹೊರುವ ಪದ್ಧತಿಯನ್ನು ನಿಲ್ಲಿಸಲು ಆಜ್ಞೆ ಮಾಡಿದ್ದರು. ಮನುಷ್ಯನ ತಲೆಮೇಲೆ ಮಲದ ಬುಟ್ಟಿ ಇದ್ದಷ್ಟು ಕಾಲವೂ ಕನ್ನಡದ ಮಾನಕ್ಕೆ ಧಕ್ಕೆಯಾಗಿರಲಿಲ್ಲ. ಬುಟ್ಟಿ ಇಳಿಸಿದವನು ಸಾಹಿತ್ಯದ ಬಗ್ಗೆ ಒಂದು ಮಾತಾಡಿದ ಕೂಡಲೇ ಮಾನ ಹೋಯಿತು. ಇದು ಯಾವ ಸೀಮೆಯ ಮಾನವೋ ನಮಗೆ ಅರ್ಥವಾಗಿಲ್ಲ.

ಆ ಕಲ್ಲೇಟಿನಿಂದಲೇ ನಮ್ಮ ಚಳವಳಿ ಎದ್ದಿತು. ಪೆಟ್ಟು ತಿಂದ ಹುಡುಗರು ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋದರು. ದಲಿತ ಸಂಘರ್ಷ ಸಮಿತಿ ಬಂತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂತು. ಯಾವುದನ್ನು ಬೂಸಾ ಎಂದರೋ ಆ ಸಾಹಿತ್ಯದ ಒಳಕ್ಕೇ ನಮ್ಮವರು ನುಗ್ಗಿ ಅದಕ್ಕೆ ಉಪ್ಪು ಖಾರ ಹಾಕಿದರು. ಇವತ್ತು ಆ ಕತೆ, ಕವನಗಳೇ ತರಗತಿಯಲ್ಲಿ ಪಠ್ಯ. ಅಂದು ಕಲ್ಲು ಹಿಡಿದಿದ್ದ ಕೈಗಳಲ್ಲಿ ಕೆಲವು ಇಂದು ದಲಿತ ಸಾಹಿತ್ಯದ ಮೇಲೆ ಪ್ರಬಂಧ ಬರೆದಿದ್ದರೆ ನಮಗೆ ಆಶ್ಚರ್ಯವಿಲ್ಲ.

*

ಇನ್ನು ಊರಿನ ಮಾತು. ಮೈಸೂರು ಬೆಂಗಳೂರಲ್ಲ, ಸಣ್ಣ ಊರು. ಬೆಂಗಳೂರಲ್ಲಿ ಜನದ ನಡುವೆ ಕಳೆದುಹೋಗಬಹುದು. ಇಲ್ಲಿ ಎರಡನೇ ಮಾತಿಗೇ ನಮ್ಮ ಕುಲಮೂಲ ಹೊರಗೆ ಬೀಳಬೇಕು. ಪಿಂಚಣಿದಾರರ ಸ್ವರ್ಗ ಎಂದು ಹೆಸರಾದ ಊರಿದು. ಸ್ವರ್ಗ ಎಂದ ಮೇಲೆ ಬಾಗಿಲು ಕಾಯುವವರು ಇದ್ದೇ ಇರುತ್ತಾರೆ.

ಚಾಮರಾಜನಗರದ ರೈಲು ಮೈಸೂರು ಸೇರುವ ಮೊದಲು ಅಶೋಕಪುರಂ ದಾಟುತ್ತದೆ. ಒಮ್ಮೆ ಆದಿಕರ್ನಾಟಕಪುರ ಎಂದು ಕರೆಸಿಕೊಂಡ ನಮ್ಮ ಜನರ ಬಡಾವಣೆ. ಅಲ್ಲಿ ಇಳಿದರೆ ಬಾಬಾಸಾಹೇಬರ ಹೆಸರಿನ ಉದ್ಯಾನವಿದೆ, ಗೋಡೆಗಳ ಮೇಲೆ ನೀಲಿ ಇದೆ, ಯಾರೂ ಏನೂ ಕೇಳುವುದಿಲ್ಲ. ಊರು ದಾಟಿ ಗಂಗೋತ್ರಿಯ ಸುತ್ತ ರೂಮು ಹುಡುಕಲು ಹೋದಾಗ ಪ್ರಶ್ನೆಪತ್ರಿಕೆ ಶುರುವಾಗುತ್ತದೆ. ಯಾವ ಬಡಾವಣೆ, ಯಾವ ಬೀದಿ ಎಂದು ನಾವು ಹೇಳುವುದಿಲ್ಲ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಬೀದಿಯಿದೆ.

'ಯಾವೂರಪ್ಪ?'

'ಚಾಮರಾಜನಗರದ ಕಡೆ ಸಾರ್.'

'ಆ ಕಡೆ ಅಂದ್ರೆ... ಯಾವ ಪೈಕಿ?'

ನಾವು ಸುಮ್ಮನಾಗುತ್ತೇವೆ. ಸುಮ್ಮನಾದದ್ದೇ ಅವರಿಗೆ ಉತ್ತರ.

'ಅಯ್ಯೋ, ಮರೆತೇಬಿಟ್ಟಿದ್ದೆ ನೋಡಿ. ನಿನ್ನೆ ತಾನೆ ಒಬ್ರು ಅಡ್ವಾನ್ಸ್ ಕೊಟ್ಟು ಹೋಗವ್ರೆ ಕಣ್ರಪ್ಪ.'

ಮುಂದಿನ ತಿಂಗಳೂ ಆ ಗೇಟಿನಲ್ಲಿ ಟು-ಲೆಟ್ ಬೋರ್ಡು ತೂಗುತ್ತಲೇ ಇರುತ್ತದೆ. ಕೆಲವರು ಇಷ್ಟು ಕಷ್ಟವನ್ನೂ ಪಡುವುದಿಲ್ಲ, ಬೋರ್ಡಿನ ಮೇಲೆಯೇ 'ಸಸ್ಯಾಹಾರಿಗಳಿಗೆ ಮಾತ್ರ' ಎಂದು ಬರೆಸಿರುತ್ತಾರೆ. ಜಾತಿ ಕೇಳಿದರೆ ತಪ್ಪು, ಊಟ ಕೇಳಿದರೆ ಸಭ್ಯತೆ. ಮಡಿ ಈಗ ತಟ್ಟೆಯೊಳಗೆ ಬಚ್ಚಿಟ್ಟುಕೊಂಡಿದೆ. ಕೊನೆಗೆ ನಾವು ಊರು ನುಂಗಿದ ಹಳೇ ಹಳ್ಳಿಗಳ ಸಂದಿಗಳಿಗೆ ಬರುತ್ತೇವೆ. ಪಡುವಾರಹಳ್ಳಿ, ಕುಕ್ಕರಹಳ್ಳಿ. ಒಂದು ಕಾಲಕ್ಕೆ ಹೊಲ ಇದ್ದ ಹಳ್ಳಿಗಳು, ಈಗ ಬೆಂಕಿಪೊಟ್ಟಣದಂಥ ರೂಮುಗಳು. ಒಂದರಲ್ಲಿ ನಾಲ್ಕು ಜನ, ಒಂದು ಸ್ಟೌ, ಗೋಡೆಗೆ ಅಂಬೇಡ್ಕರ್.

ಬೆಳಿಗ್ಗೆ ಐದೂವರೆಗೆ ಎದ್ದು ನೋಡಿ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಊರಿನ ಆರೋಗ್ಯ ನಡೆದಾಡುತ್ತಿರುತ್ತದೆ. ಮುಮ್ಮಡಿಯವರ ಕಾಲದಲ್ಲಿ, 1864ರಲ್ಲಿ, ಹೊಲಕ್ಕೆ ನೀರುಣಿಸಲು ಕಟ್ಟಿಸಿದ ಕೆರೆ. ಅದೇ ಹೊತ್ತಿಗೆ ಏರಿಯ ಕೆಳಗಿನ ರಸ್ತೆಗಳಲ್ಲಿ ನಮ್ಮ ಅಕ್ಕಂದಿರು, ಚಿಕ್ಕಮ್ಮಂದಿರು ಬಗ್ಗಿ ಕಸ ಗುಡಿಸುತ್ತಿರುತ್ತಾರೆ. 2015, 2016ರಲ್ಲಿ ದೇಶದಲ್ಲೇ ಅತ್ಯಂತ ಸ್ವಚ್ಛ ನಗರ ಎಂದು ಮೈಸೂರಿಗೆ ಮೊದಲ ಸ್ಥಾನ ಬಂತು. ಊರೆಲ್ಲ ಬೀಗಿತು. ಆ ಹೆಗ್ಗಳಿಕೆ ಹುಟ್ಟಿದ್ದು ಯಾರ ಪೊರಕೆಯ ತುದಿಯಲ್ಲಿ? ಆ ಪೊರಕೆ ಹಿಡಿದವಳ ಮಗಳು ಸ್ನಾನ ಮಾಡಿ, ಪುಸ್ತಕ ಹಿಡಿದು, ಅದೇ ಸ್ವಚ್ಛ ಬೀದಿಯಲ್ಲಿ ರೂಮು ಕೇಳಲು ಬಂದರೆ ಬೀದಿ ಮೈಲಿಗೆಯಾಗುತ್ತದಂತೆ!

ಆವರಣದ ಒಳಗೆ ಜಯಲಕ್ಷ್ಮೀವಿಲಾಸ ಅರಮನೆಯಿದೆ. ಅದರಲ್ಲಿ ಜಾನಪದ ವಸ್ತುಸಂಗ್ರಹಾಲಯ. ನಮ್ಮ ಜನರ ಬೇಸಾಯದ ಸಾಮಾನು, ಗೊಂಬೆಗಳು, ದೇವರ ಮುಖಗಳೆಲ್ಲ ಅಲ್ಲಿ ಸಾಲಾಗಿ ನಿಂತಿವೆ. ಉಳಿಸಿದವರ ದುಡಿಮೆಗೆ ಬೆಲೆಯಿದೆ, ಇಲ್ಲವೆನ್ನುವುದಿಲ್ಲ. ಆದರೆ ಅಲ್ಲಿ ನಿಂತಾಗ ಹೊಟ್ಟೆ ಉರಿಯುತ್ತದೆ. ನಮ್ಮ ಸಾಮಾನಿಗೆ ಅರಮನೆಯಲ್ಲಿ ಜಾಗ ಸಿಕ್ಕಿತು, ಸಾಮಾನು ಹಿಡಿದ ಕೈಗೆ ಎದುರಿನ ಬೀದಿಯಲ್ಲಿ ಬಾಡಿಗೆ ಮನೆ ಸಿಗಲಿಲ್ಲ. ಮಂಟೇಸ್ವಾಮಿ, ಮಾದೇಶ್ವರರ ಕತೆಗಳನ್ನು ರಾತ್ರಿಯಿಡೀ ಹಾಡಿದ ನೀಲಗಾರರಿಗೆ, ದೇವರಗುಡ್ಡರಿಗೆ ಒಂದು ಶಾಲು, ಒಂದು ಹಾರ. ಹಾಡಿಸಿಕೊಂಡು ಬರೆದುಕೊಂಡವರಿಗೆ ಡಾಕ್ಟರೇಟು, ಬಡ್ತಿ. ನಮ್ಮ ಹಾಡು ವಿಶ್ವವಿದ್ಯಾಲಯಕ್ಕೆ ಬೇಕು, ಹಾಡುವವನ ಮೊಮ್ಮಗ ಮೇಷ್ಟ್ರಾಗಿ ಬೇಡ. ಇದು ಎಂಥ ನ್ಯಾಯ?

*

ಇಷ್ಟಾದರೂ ನಾವು ಬಂದೆವು. ಬಂದೇ ಬಂದೆವು. ಇಂದು ತರಗತಿಯಲ್ಲಿ ತಿರುಗಿ ನೋಡಿದರೆ ನಮ್ಮಂಥವರೇ ಎಷ್ಟೊಂದು ಜನ. ಕೂಲಿಯವರ ಮಕ್ಕಳು, ಪೌರಕಾರ್ಮಿಕರ ಮಕ್ಕಳು, ಹಾಡಿಯಿಂದ ಬಂದ ಸೋಲಿಗರ ಹುಡುಗಿ, ಬುರ್ಖಾ ತೊಟ್ಟ ಹೂ ಮಾರುವವರ ಮಗಳು. ಸಂತೋಷ ಪಡುವ ಹೊತ್ತು. ಸರಿಯಾಗಿ ಈ ಹೊತ್ತಿಗೇ ಬಾವಿ ಬತ್ತಿತು ಎನ್ನುತ್ತಿದ್ದಾರೆ.

ಹೇಗೆ ಬತ್ತಿತು ನೋಡಿ. ಕಾಯಂ ಅಧ್ಯಾಪಕರು ನಿವೃತ್ತರಾಗುತ್ತ ಹೋದರು. ಜಾಗ ತುಂಬಲಿಲ್ಲ. ಮಂಜೂರಾದ ಹುದ್ದೆಗಳಲ್ಲಿ ದೊಡ್ಡ ಪಾಲು ವರ್ಷಗಟ್ಟಲೆ ಖಾಲಿ. ಪಾಠ ಮಾಡುವವರು ಅತಿಥಿ ಉಪನ್ಯಾಸಕರು. ಅತಿಥಿಯನ್ನು ದೇವರೆನ್ನುವ ನಾಡಿದು. ಈ ಅತಿಥಿಗೆ ಮಾತ್ರ ಪ್ರತಿ ವರ್ಷ ಹೊಸದಾಗಿ ಅರ್ಜಿ, ರಜೆಯ ತಿಂಗಳಿಗೆ ಸಂಬಳವಿಲ್ಲ, ನಾಳೆ ಎಂಬುದು ಗೊತ್ತಿಲ್ಲ. 2022ರ ಡಿಸೆಂಬರಿನಲ್ಲಿ ಪರಿಶಿಷ್ಟ ಜಾತಿಯ ಮೀಸಲಾತಿಯನ್ನು ಶೇಕಡ 15ರಿಂದ 17ಕ್ಕೆ, ಪರಿಶಿಷ್ಟ ಪಂಗಡದ್ದನ್ನು 3ರಿಂದ 7ಕ್ಕೆ ಏರಿಸುವ ಕಾನೂನು ಮಾಡಿದರು. ನಮ್ಮವರು ಪಟಾಕಿ ಹೊಡೆದರು. ನೇಮಕಾತಿಯೇ ನಡೆಯದಿದ್ದರೆ ಶೇಕಡ 17 ಎಂದರೆ ಎಷ್ಟು? ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ. ನಮ್ಮ ಹಳ್ಳಿ ಮೇಷ್ಟ್ರು ಇದನ್ನು ಮೂರನೇ ಕ್ಲಾಸಿನಲ್ಲೇ ಕಲಿಸಿದ್ದಾರೆ.

ಅಂಚೆ ಮೂಲಕ ಓದಿದವರ ಪಾಡು ಇನ್ನೊಂದು ಬಗೆ. 1969ರಲ್ಲಿ ಈ ವಿಶ್ವವಿದ್ಯಾಲಯ ಅಂಚೆ ಶಿಕ್ಷಣ ಶುರುಮಾಡಿತು. 1996ರಲ್ಲಿ ಅದು ಬೆಳೆದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಹಗಲು ದುಡಿದು ರಾತ್ರಿ ಓದಿದವರು, ಮದುವೆಯಾಗಿ ಓದು ಬಿಟ್ಟ ಹೆಣ್ಣುಮಕ್ಕಳು, ಬಡ್ತಿಗಾಗಿ ಎಂ.ಎ. ಕಟ್ಟಿದ ಹಳ್ಳಿ ಮೇಷ್ಟ್ರುಗಳು, ಇವರಿಗೆಲ್ಲ ಅದೊಂದೇ ಬಾಗಿಲು. ನಿಯಮ ಮೀರಿ ರಾಜ್ಯದ ಹೊರಗೆಲ್ಲ ಕೋರ್ಸು ಹಂಚಿದ್ದಾರೆಂದು 2015ರಲ್ಲಿ ಯುಜಿಸಿ ಅದರ ಮಾನ್ಯತೆ ಹಿಂತೆಗೆದುಕೊಂಡಿತು. ಮರಳಿ ಬಂದದ್ದು 2018ರಲ್ಲಿ. ತಪ್ಪು ಮಾಡಿದವರು ಮೇಲಿನವರು. ಆ ವರ್ಷಗಳ ಅಂಕಪಟ್ಟಿ ಹಿಡಿದು ಕಚೇರಿ ಕಚೇರಿ ಅಲೆದವರು ಕೆಳಗಿನವರು. ಈ ಪತ್ರಿಕೆ ಓದುವ ಮೇಷ್ಟ್ರುಗಳಲ್ಲೇ ಅಂಥವರು ಇದ್ದೀರಿ. ನಿಮಗೆ ನಾವು ಹೊಸದಾಗಿ ಹೇಳಬೇಕಾದ್ದೇನಿಲ್ಲ.

ಆಮೇಲೆ 2023. ಜಿಲ್ಲೆಗೊಂದು ವಿಶ್ವವಿದ್ಯಾಲಯ ಎಂದು ಸರ್ಕಾರ ಏಳು ಹೊಸ ಬೋರ್ಡು ತೂಗುಹಾಕಿತು. ಚಾಮರಾಜನಗರಕ್ಕೂ ಒಂದು ಬಂತು. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಸುವರ್ಣಗಂಗೋತ್ರಿಯೇ ಹೆಸರು ಬದಲಿಸಿಕೊಂಡು ವಿಶ್ವವಿದ್ಯಾಲಯವಾಯಿತು. ಕಾಡಂಚಿನ ಜಿಲ್ಲೆ, ದಲಿತರು, ಸೋಲಿಗರು, ಉಪ್ಪಾರರು ತುಂಬಿದ ಜಿಲ್ಲೆ. ಹೆಣ್ಣುಮಗಳೊಬ್ಬಳು ಬೆಳಿಗ್ಗೆ ಬಸ್ಸು ಹತ್ತಿ ಎಂ.ಎ. ಕ್ಲಾಸಿಗೆ ಹೋಗಿ ಸಂಜೆ ಹಟ್ಟಿಗೆ ಮರಳಬಹುದು. ಮೈಸೂರಲ್ಲಿ ಯಾವ ಪೈಕಿ ಎಂದು ಕೇಳುವ ಗೇಟುಗಳ ಮುಂದೆ ನಿಲ್ಲಬೇಕಾಗಿಲ್ಲ. ಆದರೆ ಬೋರ್ಡು ಕೊಟ್ಟವರು ಸಾಕಷ್ಟು ಹಣ ಕೊಡಲಿಲ್ಲ, ಹುದ್ದೆ ಕೊಡಲಿಲ್ಲ. ಎರಡೇ ವರ್ಷ. 2025ರ ಫೆಬ್ರವರಿಯಲ್ಲಿ ಮುಂದಿನ ಸರ್ಕಾರದ ಸಂಪುಟ ಉಪಸಮಿತಿ ಕುಳಿತು, ಒಂಬತ್ತು ವಿಶ್ವವಿದ್ಯಾಲಯಗಳು ನಡೆಸಲಾರದ ಹೊರೆ, ಮುಚ್ಚಿ ಹಳೆಯದಕ್ಕೆ ಸೇರಿಸೋಣ ಎಂದಿತು. ಆ ಪಟ್ಟಿಯಲ್ಲಿ ಚಾಮರಾಜನಗರವೂ ಇತ್ತು. ಒಬ್ಬರು ಹಾಲು ಕೊಡದೆ ಮಗು ಹಡೆದರು, ಇನ್ನೊಬ್ಬರು ಮಗು ಸೊರಗಿದೆ ಎಂದು ಹೂಳಲು ಗುಂಡಿ ತೋಡಿದರು.

ಹೊರೆ! ಈ ಮಾತನ್ನು ಗಮನಿಸಿ. 1916ರಲ್ಲಿ ವಿಶ್ವವಿದ್ಯಾಲಯ ನಾಡಿನ ಹೆಮ್ಮೆ. ಮೇಲಿನವರ ಮಕ್ಕಳು ಓದುವಷ್ಟು ಕಾಲವೂ ಹೆಮ್ಮೆ. ಕೇರಿಯ ಮಕ್ಕಳು ಬೆಂಚು ತುಂಬಿದ ಕೂಡಲೇ ಅದು ಹೊರೆ, ನಷ್ಟ, ಪಿಂಚಣಿಗೆ ಕಾಸಿಲ್ಲದ ಸಂಸ್ಥೆ. ಅನುಕೂಲಸ್ಥರು ತಮ್ಮ ಮಕ್ಕಳನ್ನು ಖಾಸಗಿ ವಿಶ್ವವಿದ್ಯಾಲಯಕ್ಕೋ ವಿದೇಶಕ್ಕೋ ಕಳಿಸಿದ್ದಾರೆ. ತಾವು ಉಂಡೆದ್ದ ಎಲೆಯನ್ನು ನಮ್ಮ ಮುಂದೆ ತಳ್ಳಿ, ಅದಕ್ಕೂ ಕಾಸು ಕೊಡಿ ಎನ್ನುತ್ತಿದ್ದಾರೆ. ವಿದ್ಯಾರ್ಥಿವೇತನ ವರ್ಷದ ಕೊನೆಗೆ ಬರುತ್ತದೆ, ಶುಲ್ಕದ ನೋಟೀಸು ವರ್ಷದ ಮೊದಲೇ ಬರುತ್ತದೆ. ಈ ನಡುವಿನ ಹತ್ತು ತಿಂಗಳು ಮಗು ಹೇಗೆ ಓದಬೇಕು? 2016ರ ಜನವರಿ 17ರಂದು ಹೈದರಾಬಾದಿನಲ್ಲಿ ರೋಹಿತ್ ವೇಮುಲ ಜೀವ ಬಿಟ್ಟಾಗ ಅವನ ಫೆಲೋಶಿಪ್ ನಿಂತು ತಿಂಗಳುಗಳಾಗಿದ್ದವು. ಯಾವ ವಿಶ್ವವಿದ್ಯಾಲಯವೂ ಇದು ಆ ಊರಿನ ಮಾತು ಎಂದು ಕೈ ತೊಳೆದುಕೊಳ್ಳುವಂತಿಲ್ಲ.

*

ಹೊರಗಿನವರನ್ನು ಬೈದು ಮುಗಿಸಿದರೆ ನಾವು ಪ್ರಾಮಾಣಿಕರಾಗುವುದಿಲ್ಲ. ನಮ್ಮೊಳಗಿನ ಮಾತೂ ಇದೆ. ನಮಗಿಂತ ಮುಂಚೆ ಗಂಗೋತ್ರಿಯ ನೀರು ಕುಡಿದ ನಮ್ಮವರು ಎಲ್ಲಿದ್ದಾರೆ? ಕೆಲವರು ಇವತ್ತಿಗೂ ಹಳ್ಳಿ ಹಳ್ಳಿ ಸುತ್ತುತ್ತಿದ್ದಾರೆ, ಅವರಿಂದಲೇ ನಾವು ಇಲ್ಲಿದ್ದೇವೆ. ಉಳಿದವರು ಸೈಟು ಕೊಂಡು, ಮನೆಗೆ ತಥಾಗತನ ಹೆಸರಿಟ್ಟು, ಗೇಟಿಗೆ ಬೀಗ ಹಾಕಿಕೊಂಡಿದ್ದಾರೆ. ಊರಿಂದ ಬಂದ ಹುಡುಗನಿಗೆ 'ಫೋನ್ ಮಾಡಿ ಬಾ' ಎನ್ನುತ್ತಾರೆ. ಚಳವಳಿ ನೂರು ಚೂರಾಗಿದೆ, ಒಂದೊಂದು ಚೂರಿಗೂ ಒಂದು ಲೆಟರ್‌ಹೆಡ್ಡು. ಎಡಗೈ ಬಲಗೈ ಎಂದು ನಮ್ಮೊಳಗೇ ತಟ್ಟೆ ಬೇರೆ ಇಡುತ್ತೇವೆ. ನಮ್ಮ ಹುಡುಗಿಯರು ಮೈಕು ಹಿಡಿದರೆ ನಮಗೇ ಕಸಿವಿಸಿ. ಅಗ್ರಹಾರವನ್ನು ಒಡೆಯಲು ಹೊರಟವರು ಸಣ್ಣ ಸಣ್ಣ ಅಗ್ರಹಾರಗಳನ್ನು ಬಗಲಲ್ಲಿಟ್ಟುಕೊಂಡು ತಿರುಗಿದರೆ ಯಾರು ನಂಬುತ್ತಾರೆ?

ಆದ್ದರಿಂದ ನಾವು ಬೇಡಿಕೆ ಇಡುತ್ತಿಲ್ಲ. ಬೇಡಿದ್ದು ಸಾಕಾಗಿದೆ, ಹಕ್ಕು ಒತ್ತಿ ಹೇಳುತ್ತಿದ್ದೇವೆ. ಖಾಲಿ ಹುದ್ದೆಗಳನ್ನು, ಬ್ಯಾಕ್‌ಲಾಗನ್ನು ಮೊದಲಿಟ್ಟು, ತುಂಬಲಿ. ಅತಿಥಿಗಳನ್ನು ಮನೆಯವರನ್ನಾಗಿ ಮಾಡಲಿ. ವಿದ್ಯಾರ್ಥಿವೇತನ ಕೈಗೆ ಬರುವವರೆಗೆ ಶುಲ್ಕ ಕೇಳದಿರಲಿ. ದೂರದಿಂದ ಬರುವ ಪ್ರತಿ ಹುಡುಗ ಹುಡುಗಿಗೂ ಹಾಸ್ಟೆಲ್ ಸಿಗಲಿ, ಯಾರೂ ಯಾರ ಗೇಟಿನ ಮುಂದೆಯೂ ಪೈಕಿ ಹೇಳುವ ಹಂಗು ಬೇಡ. ಚಾಮರಾಜನಗರದಂಥ ಜಿಲ್ಲೆಗೆ ಕೊಟ್ಟ ವಿಶ್ವವಿದ್ಯಾಲಯಕ್ಕೆ ಬೋರ್ಡಿನ ಜೊತೆ ಅನ್ನವನ್ನೂ ಕೊಡಲಿ. ಆವರಣ ಗುಡಿಸುವವರಿಗೆ ಗುತ್ತಿಗೆ ತಪ್ಪಲಿ, ಅವರ ಮಕ್ಕಳಿಗೆ ಅದೇ ಆವರಣದಲ್ಲಿ ಪುಕ್ಕಟೆ ಓದು ಸಿಗಲಿ.

ಹಳ್ಳಿ ಮೇಷ್ಟ್ರುಗಳೇ, ನಿಮ್ಮ ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತ ಆ ಹುಡುಗಿಗೆ ಇವತ್ತೇ ಹೇಳಿ, ಗಂಗೋತ್ರಿಯಲ್ಲಿ ನಿನಗೊಂದು ಜಾಗವಿದೆ, ಅದು ಯಾರ ಭಿಕ್ಷೆಯೂ ಅಲ್ಲ ಎಂದು. ವಿದ್ಯಾರ್ಥಿ ಗೆಳೆಯರೇ, ರಜೆಗೆ ಊರಿಗೆ ಹೋದಾಗ ಅಂಕಪಟ್ಟಿ ಮಾತ್ರ ತೋರಿಸಬೇಡಿ, ಖಾಲಿ ಹುದ್ದೆಗಳ ಪಟ್ಟಿಯನ್ನೂ ಕೇರಿಯಲ್ಲಿ ಓದಿ ಹೇಳಿ. ನಮ್ಮ ತೆರಿಗೆ, ನಮ್ಮ ಬೆವರು ಎಲ್ಲಿ ಇಂಗಿತು ಎಂದು ನಮ್ಮ ಅವ್ವಂದಿರಿಗೆ ಗೊತ್ತಾಗಲಿ.

ಅವ್ವಾ, ನೀನು ಕೇಳಿದ್ದೆ. ಇದು ನಮ್ಮ ಉತ್ತರ. ಹೌದು, ಅದು ನೀರಿನ ಜಾಗವೇ. ತೋಡಿದ ಗುದ್ದಲಿ ನಮ್ಮದು, ಹೊತ್ತ ಮಣ್ಣು ನಮ್ಮದು. ಮುಟ್ಟಿಸಿಕೊಳ್ಳುತ್ತಾರಾ ಎಂದು ಇನ್ನು ಕೇಳಬೇಡ. ಬತ್ತಿದೆ ಅನ್ನುತ್ತಾರೆ, ಬತ್ತಿಲ್ಲ. ಮೇಲೆ ಚಪ್ಪಡಿ ಎಳೆದು ಕೂತಿದ್ದಾರೆ ಅಷ್ಟೆ. ಚಪ್ಪಡಿ ಸರಿಸಲು ನಾವು ಸಾಕಷ್ಟು ಜನ ಇದ್ದೇವೆ. ಕೊಡ ತಗೊಂಡು ನೀನೂ ಬಾ.